ಸ್ನೋ ಕಂಡ್ರೆ ಆಗಲ್ಲ, ಭಯಾನೂ ಆಗುತ್ತೆ: ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲ ಸ್ನೋ ಬಿದ್ದ ದಿನ ಎಲ್ರೂ ಕಿಟಕಿ ಹತ್ರ ನಿಂತು ಅಯ್ಯೋ ಎಷ್ಟ್ ಚೆನ್ನಾಗಿದೆ ಅಂತ ಫೋಟೋ ತೆಗೀತಿದ್ರೆ ನಾನು ಹವಾಮಾನದ ಆಪ್ ಇಟ್ಕೊಂಡು ಇನ್ನೂ ಎಷ್ಟ್ ಸೆಂಟಿಮೀಟರ್ ಬೀಳುತ್ತಪ್ಪಾ ಅಂತ ಹೊಟ್ಟೆ ತೊಳಸ್ಕೊಂಡು ಕೂತಿರ್ತೀನಿ. ಬಹಳ ದಿನ ಇದನ್ನ ಯಾರ ಹತ್ರಾನೂ ಹೇಳಿರ್ಲಿಲ್ಲ. ಹೇಳಿದ್ಮೇಲೆ ಗೊತ್ತಾಯ್ತು ಇಂಥೋರು ಬೇಕಾದಷ್ಟು ಜನ ಇದಾರೆ ಅಂತ. ಅವ್ರು ಕೇಳಿದ್ದು, ನನ್ನ ನೋಡಿ ನಗೋರು ಕೇಳಿದ್ದು ಎರಡನ್ನೂ ಸೇರ್ಸಿ ಇಲ್ಲಿ ಹಾಕಿದೀನಿ. ನಾನು ಡಾಕ್ಟರ್ ಅಲ್ಲ, ಹೆದರ್ಕೊಂಡೇ ಒಂದಷ್ಟು ಚಳಿಗಾಲ ಕಳೆದಿರೋ ಮನುಷ್ಯ ಅಷ್ಟೆ.

ಇನ್ನೊಂದು ಮಾತು, ಕನ್ನಡದಲ್ಲಿ ಮಂಜು ಅಂದ್ರೆ ಬೆಳಗ್ಗೆ ಕವಿಯೋದೂ ಮಂಜೇ, ಆಕಾಶದಿಂದ ಬೀಳೋ ಹಿಮಾನೂ ಮಂಜೇ, ಅದಕ್ಕೆ ಗೊಂದಲ ಬೇಡ ಅಂತ ಸ್ನೋ ಅಂತಾನೇ ಬರೀತೀನಿ, ಗಟ್ಟಿಯಾಗಿ ಹೆಪ್ಪುಗಟ್ಟಿದ್ದಕ್ಕೆ ಐಸ್ ಅಂತೀನಿ. ಇವೆರಡರ ವ್ಯತ್ಯಾಸ ಮುಂದೆ ಬೇಕಾಗುತ್ತೆ.

ಸ್ನೋ ಇಷ್ಟ ಇಲ್ಲ ಅಂದ್ರೆ ನನ್ನಲ್ಲೇನಾದ್ರೂ ಪ್ರಾಬ್ಲಂ ಇದೆಯಾ?

ಇಲ್ಲ. ಸೆಖೆ ಆಗಲ್ಲ ಅಂದ್ರೆ ಎಲ್ರೂ ಹೌದೌದು ಅಂತ ತಲೆ ಆಡಿಸ್ತಾರೆ, ಮಳೆ ಬೇಜಾರು ಅಂದ್ರೂ ಯಾರೂ ಕಾರಣ ಕೇಳಲ್ಲ, ಸ್ನೋ ಇಷ್ಟ ಇಲ್ಲ ಅಂದ ತಕ್ಷಣ ಮಾತ್ರ ಏನೋ ಮಗು ನಗೋದು ಇಷ್ಟ ಇಲ್ಲ ಅಂದವರ ಹಾಗೆ ನೋಡ್ತಾರೆ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಕ್ಯಾಲೆಂಡರ್ ಚಿತ್ರದಲ್ಲಿರೋ ಸ್ನೋ ಕೂಡ ಹಾಗೇನೇ. ಬೂಟಿನೊಳಗೆ ನೀರಾಗಿ ಇಳಿದಾಗ ಅದರ ಕಥೆ ಬೇರೆ.

ಇಷ್ಟ ಇಲ್ಲ ಅನ್ನೋದು, ಭಯ, ಫೋಬಿಯಾ, ಎಲ್ಲಾ ಒಂದೇನಾ?

ಅಲ್ಲ, ಮೂರೂ ಬೇರೆ ಬೇರೆ. ಹೊರಗೆ ಹೋಗೋಕೆ ಬೇಜಾರಾಗಿ ಗೊಣಗ್ತಾ ಹೋಗ್ತೀರಿ ಅಂದ್ರೆ ಅದು ಇಷ್ಟ ಇಲ್ಲದಿರೋದು. ಜಾರ್ತೀನೇನೋ ಅಂತ ನೋಡಿ ನೋಡಿ ಹೆಜ್ಜೆ ಇಡೋದು ಭಯ, ಅದು ಬುದ್ಧಿವಂತಿಕೆಯ ಭಯ, ಬಿಡಬೇಡಿ. ಆದ್ರೆ ನಾಳೆ ಸ್ನೋ ಬರಬಹುದು ಅಂತ ಓದಿದ್ರೇ ಎದೆ ಡವಡವ ಅನ್ನೋದು, ಕೈ ಬೆವರೋದು, ರಸ್ತೆಯೆಲ್ಲಾ ಕ್ಲೀನ್ ಆಗಿದ್ರೂ ರಜೆ ಹಾಕಿ ಮನೇಲೇ ಕೂರೋದು, ಟಿವೀಲಿ ಸ್ನೋ ಕಂಡ್ರೆ ಚಾನೆಲ್ ಬದಲಾಯಿಸೋದು, ಇದು ಫೋಬಿಯಾ ಕಡೆ ವಾಲಿರೋ ಲಕ್ಷಣ. ಇದಕ್ಕೆ ಕಯೋನೋಫೋಬಿಯಾ ಅಂತಾರೆ, ಗ್ರೀಕ್ ಭಾಷೇಲಿ ಹಿಮಕ್ಕಿರೋ ಹೆಸರಿಂದ ಬಂದಿದ್ದು. ಆದ್ರೆ ಸೈಕಿಯಾಟ್ರಿಸ್ಟ್‌ಗಳು ಬಳಸೋ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡೀಲಿ ಇದಕ್ಕೆ ಅಂತ ಬೇರೆ ಕಾಯಿಲೆ ಹೆಸರಿಲ್ಲ, ಎತ್ತರ, ನೀರು, ಬಿರುಗಾಳಿ ಇವುಗಳ ಭಯದ ಜೊತೆ ಪ್ರಕೃತಿಗೆ ಸಂಬಂಧಪಟ್ಟ ಫೋಬಿಯಾ ಅನ್ನೋ ಗುಂಪಿಗೆ ಸೇರುತ್ತೆ. ಭಯ ಅಪಾಯಕ್ಕಿಂತ ತೀರಾ ಜಾಸ್ತಿ ಇರ್ಬೇಕು, ಸಾಮಾನ್ಯವಾಗಿ 6 ತಿಂಗಳಾದ್ರೂ ಇರ್ಬೇಕು, ಬದುಕಿಗೆ ಅಡ್ಡ ಬರ್ತಿರ್ಬೇಕು, ಆಗ ಮಾತ್ರ ಫೋಬಿಯಾ ಅಂತ ಕರೀತಾರೆ. ಒಂದ್ಸಲ ಜಾರಿ ಬಿದ್ದು ವಾರ ಹೆದರಿದ್ರೆ ಅದಲ್ಲ.

ಯಾಕ್ ಬರುತ್ತೆ ಈ ಭಯ?

ಒಬ್ಬೊಬ್ಬರಿಗೆ ಒಂದೊಂದು. ಕೆಲವರಿಗೆ ಒಂದು ಆಕ್ಸಿಡೆಂಟು, ಕೆಲವರಿಗೆ ಚಿಕ್ಕವರಿದ್ದಾಗ ದೊಡ್ಡವರು ಹೆದರಿದ್ದನ್ನ ನೋಡಿ ನೋಡಿ ಬಂದಿರುತ್ತೆ, ಇನ್ನು ಕೆಲವರಿಗೆ ಯಾಕೆ ಅಂತಾನೇ ಗೊತ್ತಿರಲ್ಲ. ನನ್ನ ಕೇಸು ಸಿಂಪಲ್. ಮೂರೇ ಮೂರು ಮೆಟ್ಟಿಲು, ಮೇಲೆ ತೆಳ್ಳಗೆ ಸ್ನೋ, ಕೆಳಗೆ ಐಸ್ ಇತ್ತು ಅಂತ ಗೊತ್ತಾಗಿದ್ದು ಮಣಿಕಟ್ಟು ಊದಿದ ಮೇಲೆ. ಹಾವು ಕಚ್ಚಿದವನಿಗೆ ಹಗ್ಗ ಕಂಡ್ರೂ ಭಯ ಅನ್ನೋ ಹಾಗೆ ಆಮೇಲೆ ಒಂದು ಚಳಿಗಾಲ ಪೂರ್ತಿ ಬಿಳೀ ನೆಲ ಕಂಡ್ರೆ ಕಾಲು ಎಳ್ಕೊಂಡು ನಡೀತಿದ್ದೆ, ಒಣಗಿದ್ರೂನೂ.

ಆದ್ರೆ ಜಾರೋದೊಂದೇ ಅಲ್ಲ ಅನ್ಸುತ್ತೆ. ಹೊಸ ಸ್ನೋ ಬಿದ್ದಾಗ ಆಗೋ ನಿಶ್ಶಬ್ದ ಇದೆಯಲ್ಲ, ಕವಿಗಳಿಗೆ ಅದು ಶಾಂತಿ, ನನಗೆ ಕಿವಿಗೆ ಹತ್ತಿ ಇಟ್ಟ ಹಾಗೆ. ಅದಕ್ಕೆ ಕಾರಣಾನೂ ಇದೆ, ಹೊಸ ಸ್ನೋದಲ್ಲಿ ಮುಕ್ಕಾಲುಪಾಲಿಗಿಂತ ಜಾಸ್ತಿ ಇರೋದು ಗಾಳಿ, ಆ ಸಣ್ಣ ಸಣ್ಣ ಸಂದಿಗಳು ಶಬ್ದಾನ ನುಂಗ್ಬಿಡುತ್ತವೆ, ಹಿಂದಿಂದ ಕಾರು ಬಂದ್ರೂ ತಡವಾಗಿ ಕೇಳ್ಸುತ್ತೆ. ಮತ್ತೆ ಫುಟ್‌ಪಾತಿನ ಅಂಚು, ಗುಂಡಿ, ಮೆಟ್ಟಿಲು, ಎಲ್ಲಾನೂ ಒಂದೇ ಬಿಳುಪು ಮಾಡಿ ಮುಚ್ಚಿಡುತ್ತೆ. ಜೋರಾಗಿ ಬೀಸ್ತಿದ್ರೆ ನೆಲ ಯಾವ್ದು ಆಕಾಶ ಯಾವ್ದು ಅಂತಾನೇ ತಿಳಿಯಲ್ಲ, ವೈಟ್‌ಔಟ್ ಅಂತಾರೆ ಅದನ್ನ. ಕಣ್ಣು ಕಿವಿ ಎರಡೂ ಕೈಕೊಟ್ಟಾಗ ಮೈ ಹೆದರದೆ ಇನ್ನೇನ್ ಮಾಡುತ್ತೆ ಹೇಳಿ.

ಹಾಗಾದ್ರೆ ನಿಜವಾಗ್ಲೂ ಹೆದರಬೇಕಾಗಿರೋದು ಯಾವುದಕ್ಕೆ?

ನನ್ನ ಪ್ರಕಾರ ಇದೇ ಮುಖ್ಯವಾದ ಪ್ರಶ್ನೆ. ಬೀಳ್ತಿರೋ ಸ್ನೋಗಿಂತ ಬಿದ್ದು, ಮಧ್ಯಾಹ್ನ ಬಿಸಿಲಿಗೆ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟಿದ ನೀರಿಗೆ ಹೆದರಿ. ಎಲ್ರೂ ಸ್ನೋ ಬೀಳೋ ದಿನ ಎಚ್ಚರವಾಗಿರ್ತಾರೆ, ಎರಡು ದಿನ ಆದ್ಮೇಲೆ ಆಕಾಶ ನೀಲಿಯಾಗಿ ರಸ್ತೆ ಕಪ್ಪಗೆ ಕಾಣ್ಸಿದಾಗ ಮೈಮರೀತಾರೆ, ಬೀಳೋದು ಆಗಲೇ. ಬ್ಲ್ಯಾಕ್ ಐಸ್ ಅಂತಾರಲ್ಲ, ಅದು ಕಪ್ಪಗಿರಲ್ಲ, ಗಾಜಿನ ಹಾಗೆ ತೆಳ್ಳಗೆ ಪಾರದರ್ಶಕವಾಗಿದ್ದು ಕೆಳಗಿನ ಡಾಂಬರು ಕಾಣ್ಸೋದ್ರಿಂದ ಆ ಹೆಸರು. ರಸ್ತೆ ಬರೀ ಒದ್ದೆಯಾಗಿದೆ ಅನ್ಸುತ್ತೆ. ಬೆಳಗಿನ ಜಾವ, ನೆರಳಿರೋ ಜಾಗ, ಸೂರಿಂದ ನೀರು ತೊಟ್ಟಿಕ್ಕೋ ಬಾಗಿಲ ಮುಂದೆ, ಇವು ಡೇಂಜರ್. ಸೇತುವೆಗಳು ಮಿಕ್ಕ ರಸ್ತೆಗಿಂತ ಮುಂಚೆ ಹೆಪ್ಪುಗಟ್ಟುತ್ತವೆ, ಯಾಕಂದ್ರೆ ಕೆಳಗೂ ತಣ್ಣನೆ ಗಾಳಿ, ನೆಲದ ಬಿಸಿ ಸಿಗಲ್ಲ.

ಇದು ಗೊತ್ತಾದ್ಮೇಲೆ ನನ್ನ ಭಯ ಕಮ್ಮಿ ಆಯ್ತು ಅಂತಲ್ಲ, ಜಾಗ ಬದಲಾಯಿಸ್ತು. ಮೊದ್ಲು ಇಡೀ ಚಳಿಗಾಲಕ್ಕೆ ಹೆದರ್ತಿದ್ದೆ, ಈಗ ಬೆಳಗ್ಗೆ ಏಳು ಗಂಟೆಯ ಮೆಟ್ಟಿಲಿಗೆ ಹೆದರ್ತೀನಿ.

ಜಾರದೇ ನಡೆಯೋದು ಹೇಗೆ?

ಪೆಂಗ್ವಿನ್ ಥರ. ನಗಬೇಡಿ, ನಿಜವಾಗ್ಲೂ ಹಾಗೇ ಹೇಳಿಕೊಡ್ತಾರೆ. ಪಾದ ಸ್ವಲ್ಪ ಹೊರಕ್ಕೆ ತಿರುಗಿಸಿ, ಚಿಕ್ಕ ಚಿಕ್ಕ ಹೆಜ್ಜೆ, ಮೈಭಾರ ಮುಂದಿನ ಕಾಲ ಮೇಲೆ, ಪಾದ ಚಪ್ಪಟೆಯಾಗಿ ಊರ್ಬೇಕು. ನಾವು ಮಾಮೂಲಿ ನಡೆಯೋವಾಗ ಹಿಮ್ಮಡಿ ಮೊದಲು ಊರ್ತೀವಿ, ಭಾರ ಎರಡು ಕಾಲಿನ ನಡುವೆ ಇರುತ್ತೆ, ಐಸ್ ಮೇಲೆ ಆ ಹಿಮ್ಮಡೀನೇ ಮುಂದಕ್ಕೆ ಜಾರಿ ಅಂಗಾತ ಬೀಳೋದು. ಕೈ ಜೇಬಲ್ಲಿ ಇಡಬೇಡಿ, ಬ್ಯಾಲೆನ್ಸ್‌ಗೆ ಬೇಕು, ಕೈ ಖಾಲಿ ಇರ್ಲಿ, ಗ್ಲೌಸ್ ಹಾಕ್ಕೊಳ್ಳಿ. ಬೂಟಿಗೆ ಸಿಕ್ಕಿಸೋ ಮುಳ್ಳಿನ ಪಟ್ಟಿ ಸಿಗುತ್ತೆ, ಐಸ್ ಮೇಲೆ ಬಹಳ ಒಳ್ಳೇದು, ಆದ್ರೆ ಒಳಗೆ ಬಂದ ತಕ್ಷಣ ಬಿಚ್ಚಿ, ನುಣುಪಾದ ಟೈಲ್ಸ್ ಮೇಲೆ ಅದೇ ನಿಮ್ಮನ್ನ ಬೀಳ್ಸುತ್ತೆ.

ಉಪ್ಪು ಹಾಕಿದ್ರೆ ಸಾಕಲ್ವಾ?

ಚಳಿ ಎಷ್ಟಿದೆ ಅನ್ನೋದರ ಮೇಲೆ. ಉಪ್ಪು ಐಸನ್ನ ಬಿಸಿ ಮಾಡಲ್ಲ, ನೀರು ಹೆಪ್ಪುಗಟ್ಟೋ ಮಟ್ಟಾನ ಕೆಳಗಿಳಿಸುತ್ತೆ ಅಷ್ಟೆ. ಮಾಮೂಲಿ ಉಪ್ಪಿನ ದ್ರಾವಣ ಲ್ಯಾಬ್ ಲೆಕ್ಕದಲ್ಲಿ ಮೈನಸ್ 21 ಡಿಗ್ರಿ ಸೆಲ್ಸಿಯಸ್‌ವರೆಗೂ ನೀರಾಗೇ ಇರಬಲ್ಲದು, ಆದ್ರೆ ರಸ್ತೆ ಮೇಲೆ ಮೈನಸ್ 9, 10ರ ಆಸುಪಾಸಿಗೇ ಕೆಲಸ ತೀರಾ ನಿಧಾನ ಆಗ್ಬಿಡುತ್ತೆ. ಅದಕ್ಕಿಂತ ಚಳಿ ಇದ್ರೆ ಕ್ಯಾಲ್ಸಿಯಂ ಕ್ಲೋರೈಡ್ ಬಳಸ್ತಾರೆ. ಇಲ್ಲಾಂದ್ರೆ ಮರಳು, ಅದು ಕರಗಿಸಲ್ಲ ಆದ್ರೆ ಕಾಲಿಗೆ ಹಿಡಿತ ಕೊಡುತ್ತೆ. ಉಪ್ಪು ಹಾಕಿ ಕರಗಿದ ನೀರು ಅಲ್ಲೇ ನಿಂತ್ರೆ, ಉಪ್ಪು ತೆಳುವಾಗಿ ರಾತ್ರಿ ಚಳಿ ಏರಿದ್ರೆ ಅದೇ ಮತ್ತೆ ಐಸ್, ಹಾಗಾಗಿ ಮೊದ್ಲು ಎತ್ತಿಹಾಕಿ, ಆಮೇಲೆ ಉಪ್ಪು.

ಸ್ನೋದಲ್ಲಿ ಡ್ರೈವ್ ಮಾಡೋಕೆ ಕೈಕಾಲು ನಡುಗುತ್ತೆ, ಏನ್ ಮಾಡ್ಲಿ?

ಮೊದ್ಲನೇದು, ಹೋಗ್ಲೇಬೇಕಾ ಅಂತ ಕೇಳ್ಕೊಳ್ಳಿ. ಹೋಗದೇ ಇರೋದು ಹೇಡಿತನ ಅಲ್ಲ. ಹೋಗ್ಲೇಬೇಕು ಅಂದ್ರೆ ಟೈರು ನೋಡಿ. ಬೇಸಿಗೆ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಗಡುಸಾಗ್ತಾ ಹಿಡಿತ ಕಳ್ಕೊಳ್ಳುತ್ತೆ, ವಿಂಟರ್ ಟೈರಿನ ರಬ್ಬರು ಮೆತ್ತಗೇ ಇರುತ್ತೆ, ಅಂದ್ರೆ ಸ್ನೋ ಬೀಳೋಕೂ ಮುಂಚೇನೇ ಟೈರು ಬದಲಾಯ್ಸೋ ಕಾಲ ಬಂದಿರುತ್ತೆ. ನನ್ನದು ನಾಲ್ಕು ಚಕ್ರಕ್ಕೂ ಪವರ್ ಹೋಗೋ ಗಾಡಿ ನನಗೇನೂ ಆಗಲ್ಲ ಅನ್ನೋರು ಸಿಗ್ತಾರೆ. ಅದು ಹೊರಡೋಕೆ ಸಹಾಯ ಮಾಡುತ್ತೆ, ನಿಲ್ಲೋಕಲ್ಲ! ನಿಲ್ಲೋದು ಟೈರಿನ ಕೆಲಸ, ಐಸ್ ಮೇಲೆ ನಿಲ್ಲೋಕೆ ಒಣ ರಸ್ತೆಗಿಂತ 10 ಪಟ್ಟು ದೂರ ಬೇಕಾಗಬಹುದು. ಮುಂದಿನ ಗಾಡಿಗೂ ನಿಮಗೂ ಮಧ್ಯೆ ಹಿಂದಿನವನು ಹಾರ್ನ್ ಹೊಡೆಯೋಷ್ಟು ಜಾಗ ಬಿಡಿ, ಹೊಡೀಲಿ ಬಿಡಿ.

ಸ್ಟೀರಿಂಗು, ಬ್ರೇಕು, ಆಕ್ಸಿಲರೇಟರು, ಮೂರನ್ನೂ ಮೆತ್ತಗೆ ಬಳಸ್ಬೇಕು, ವೇಗಾನ ತಾನೇ ಹಿಡಿದಿಡೋ ಕ್ರೂಸ್ ಕಂಟ್ರೋಲ್ ಬೇಡ. ಜಾರೋಕೆ ಶುರುವಾದ್ರೆ ಆಕ್ಸಿಲರೇಟರಿಂದ ಕಾಲು ತೆಗೀರಿ, ನೀವು ಹೋಗಬೇಕಾಗಿರೋ ಕಡೆ ಕಣ್ಣಿಟ್ಟು ಆ ಕಡೆ ನಿಧಾನವಾಗಿ ತಿರುಗಿಸಿ. ಎಬಿಎಸ್, ಅಂದ್ರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ, ಇರೋ ಕಾರಲ್ಲಿ ತುರ್ತಾಗಿ ನಿಲ್ಲಿಸ್ಬೇಕಾದ್ರೆ ಬ್ರೇಕನ್ನ ಗಟ್ಟಿಯಾಗಿ ಒತ್ತಿ ಹಿಡೀರಿ, ಪೆಡಲ್ ಕಾಲಡಿ ಗಡಗಡ ಅನ್ನುತ್ತೆ, ಕಾರೇ ಒಡೆದೋಯ್ತು ಅನ್ಸುತ್ತೆ, ಅದು ಕೆಲಸ ಮಾಡ್ತಿರೋ ಶಬ್ದ, ಕಾಲು ಎತ್ತಬೇಡಿ. ಇದನ್ನ ಓದಿ ಉಪಯೋಗ ಕಮ್ಮಿ. ಖಾಲಿ ಬಯಲಲ್ಲಿ, ಗೊತ್ತಿರೋರನ್ನ ಪಕ್ಕ ಕೂರಿಸ್ಕೊಂಡು, ಬೇಕಂತಲೇ ಒಂದೆರಡು ಸಲ ಜಾರಿಸಿ ನೋಡಿ. ನನಗೆ ಯಾರ ಬುದ್ಧಿಮಾತಿಗಿಂತಲೂ ಅದೊಂದು ಮಧ್ಯಾಹ್ನ ಹೆಚ್ಚು ಕೆಲಸ ಮಾಡ್ತು.

ಕಾರು ಸ್ನೋದಲ್ಲಿ ಸಿಕ್ಕಾಕೊಂಡ್ರೆ?

ಕಾರಲ್ಲೇ ಇರಿ. ಬಿಟ್ಟು ನಡೆದು ಹೋದವರು ದಾರಿ ತಪ್ತಾರೆ, ಹುಡುಕೋರಿಗೆ ಕಾರು ಕಾಣೋದು ಸುಲಭ, ಮನುಷ್ಯ ಕಾಣಲ್ಲ. ಚಳಿಗಿಂತ ಬೇಗ ಕೊಲ್ಲೋದು ಹೊಗೆ ಪೈಪು: ಅದು ಸ್ನೋದಲ್ಲಿ ಮುಚ್ಚಿಹೋಗಿದ್ದು ನೀವು ಇಂಜಿನ್ ಹಾಕಿದ್ರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತೆ, ಅದಕ್ಕೆ ವಾಸನೆ ಬಣ್ಣ ಏನೂ ಇಲ್ಲ, ತಲೆನೋವು, ತೂಕಡಿಕೆ, ಆಮೇಲೆ ಎಚ್ಚರಾನೇ ಇರಲ್ಲ. ಹಾಗಾಗಿ ಇಂಜಿನ್ ಹಾಕೋಕೆ ಮುಂಚೆ ಪ್ರತೀ ಸಲ ಇಳಿದು ಪೈಪಿನ ಸುತ್ತ ಕೆದಕಿ, ಗಂಟೆಗೆ ಒಂದು 10 ನಿಮಿಷ ಮಾತ್ರ ಓಡ್ಸಿ, ಗಾಳಿ ಬೀಸದೇ ಇರೋ ಕಡೆಯ ಗಾಜು ಒಂಚೂರು ಇಳಿಸಿ. ಕಂಬಳಿ, ಟಾರ್ಚು, ಸಣ್ಣ ಸಲಿಕೆ, ನೀರು, ಚಾರ್ಜರು ಇವು ಚಳಿಗಾಲ ಪೂರ್ತಿ ಡಿಕ್ಕೀಲೇ ಇರ್ಲಿ.

ಸ್ನೋ ಎತ್ತಿಹಾಕೋದು ಒಳ್ಳೇ ಎಕ್ಸರ್‌ಸೈಜ್ ಅಂತಾರಲ್ಲ?

ಯಾರ್ ಹೇಳಿದ್ದು ಅವರ ಕೈಗೇ ಸಲಿಕೆ ಕೊಡಿ. ಲೆಕ್ಕ ಹಾಕೋಣ. ಮನೆ ಮುಂದೆ 10 ಮೀಟರ್ ಉದ್ದ 3 ಮೀಟರ್ ಅಗಲದ ಜಾಗ, 20 ಸೆಂಟಿಮೀಟರ್ ಸ್ನೋ, ಒಟ್ಟು 6 ಘನ ಮೀಟರ್. ಹಗುರವಾದ ಹೊಸ ಸ್ನೋ ಘನ ಮೀಟರಿಗೆ 100 ಕೆಜಿ ಅಂತಿಟ್ಕೊಂಡ್ರೂ 600 ಕೆಜಿ ಆಯ್ತು, ಒದ್ದೆಯಾಗಿ ಅಮುಕಿ ಕೂತಿರೋದಾದ್ರೆ 300 ಕೆಜಿ ಲೆಕ್ಕದಲ್ಲಿ 1800 ಕೆಜಿ. ಇದನ್ನ ಬೆಳಗ್ಗೆ ಎದ್ದ ಮೇಲೆ, ಮೈ ಬಿಸಿಯಾಗೋಕೂ ಮುಂಚೆ, ಉಸಿರು ಬಿಗಿಹಿಡ್ಕೊಂಡು ಎತ್ತೆತ್ತಿ ಎಸೀತೀವಿ. ಚಳಿಗೆ ರಕ್ತನಾಳ ಬಿಗಿಯಾಗಿ ಬಿಪಿ ಏರಿರುತ್ತೆ, ಕೈಯಿಂದ ಮಾಡೋ ಕೆಲಸಕ್ಕೆ ಹಾರ್ಟ್ ಮೇಲೆ ಹೊರೆ ಜಾಸ್ತಿ, ದೊಡ್ಡ ಸ್ನೋ ಬಿದ್ದ ಮೇಲೆ ಹಾರ್ಟ್ ಅಟ್ಯಾಕ್ ಜಾಸ್ತಿ ಆಗೋದು ಇದಕ್ಕೇನೇ. ವಯಸ್ಸಾದವರು, ಹಾರ್ಟ್ ಪ್ರಾಬ್ಲಂ ಇರೋರು, ವರ್ಷಪೂರ್ತಿ ಕೂತೇ ಇರೋರು ಬೇರೆಯವರ ಕೈಲಿ ಮಾಡಿಸಿ. ಮಿಕ್ಕವರು ಎತ್ತೋದಕ್ಕಿಂತ ತಳ್ಳಿ, ಸ್ವಲ್ಪ ಸ್ವಲ್ಪ, ನಡುನಡುವೆ ನಿಂತು. ಎದೆ ಹಿಡಿದ ಹಾಗಾದ್ರೆ ಅಲ್ಲಿಗೇ ನಿಲ್ಸಿ ಎಮರ್ಜೆನ್ಸಿಗೆ ಫೋನ್ ಮಾಡಿ.

ಬೆರಳು ಮರಗಟ್ಟಿ ಬೆಳ್ಳಗಾದ್ರೆ ಉಜ್ಜಬೇಕಾ?

ಬೇಡ. ಸ್ನೋ ಹಾಕಿ ಉಜ್ಜೋದಂತೂ ಬೇಡವೇ ಬೇಡ, ಹೆಪ್ಪುಗಟ್ಟಿದ ಚರ್ಮ ಇನ್ನಷ್ಟು ಹಾಳಾಗುತ್ತೆ. ಫ್ರಾಸ್ಟ್‌ಬೈಟ್ ಮೊದ್ಲು ಹಿಡಿಯೋದು ಬೆರಳು, ಮೂಗು, ಕಿವಿ, ಕೆನ್ನೆಗೆ. ಬೆಚ್ಚಗಿರೋ ಜಾಗಕ್ಕೆ ಬಂದು, ಮತ್ತೆ ಹೆಪ್ಪುಗಟ್ಟಲ್ಲ ಅಂತ ಗ್ಯಾರಂಟಿ ಇದ್ರೆ ಮಾತ್ರ, 37ರಿಂದ 39 ಡಿಗ್ರಿ ನೀರಲ್ಲಿ ಅದ್ದಿ. ಬೆಂಕಿ ಹತ್ರ ಹಿಡಿಯಬೇಡಿ, ಸ್ಪರ್ಶ ಗೊತ್ತಾಗದೇ ಇರೋದ್ರಿಂದ ಸುಟ್ಕೊಳ್ತೀರಿ. ಗಡುಸಾಗಿದ್ರೆ, ಗುಳ್ಳೆ ಎದ್ರೆ ಡಾಕ್ಟರ್ ಹತ್ರ ಹೋಗ್ಲೇಬೇಕು. ಮೈ ಒಳಗಿನ ಬಿಸಿ 35 ಡಿಗ್ರಿಗಿಂತ ಇಳಿದ್ರೆ ಅದು ಹೈಪೋಥರ್ಮಿಯಾ, ನಡುಗ್ತಿದ್ದವರು ಮಾತು ತೊದಲೋದು, ತಡವರಿಸೋದು ಮಾಡ್ತಿದ್ರೆ ಕಾಯಬೇಡಿ, ನಡುಕ ನಿಂತೋಯ್ತು ಅಂತ ಸಮಾಧಾನಾನೂ ಪಡಬೇಡಿ, ಅದು ಇನ್ನೂ ಕೆಟ್ಟ ಸೂಚನೆ.

ಒಂದ್ ಪೆಗ್ ಹಾಕಿದ್ರೆ ಬೆಚ್ಚಗಾಗುತ್ತಲ್ಲ?

ಬೆಚ್ಚಗಾದ ಹಾಗೆ ಅನ್ಸುತ್ತೆ. ಚರ್ಮದ ರಕ್ತನಾಳ ಹಿಗ್ಗಿ ಒಳಗಿದ್ದ ಬಿಸಿ ಹೊರಗೆ ಹೋಗ್ತಿರುತ್ತೆ.

ಹಿಮಕುಸಿತದಲ್ಲಿ ಹೂತುಹೋಗೋ ಕನಸು ಬೀಳುತ್ತೆ, ಅಷ್ಟು ಸುಲಭವಾಗಿ ಆಗುತ್ತಾ?

ಹಿಮಕುಸಿತ, ಅಂದ್ರೆ ಅವಲಾಂಚ್, ಆಗೋದು ಬೆಟ್ಟದ ಇಳಿಜಾರಲ್ಲಿ, ಬಹುಪಾಲು 30ರಿಂದ 45 ಡಿಗ್ರಿ ಓರೆ ಇರೋ ಕಡೆ. ಸಮತಟ್ಟು ಜಾಗದಲ್ಲಿ ಇರೋರಿಗೆ ಈ ಚಿಂತೆ ಬೇಡ. ಬೆಟ್ಟಕ್ಕೆ ಹೋಗೋರು ಹೂತವರು ಎಲ್ಲಿದಾರೆ ಅಂತ ಸಿಗ್ನಲ್‌ನಿಂದ ಹುಡುಕೋ ಟ್ರಾನ್ಸೀವರು, ಸ್ನೋದೊಳಗೆ ಚುಚ್ಚಿ ನೋಡೋ ಉದ್ದನೆ ಕೋಲು, ಸಲಿಕೆ ಮತ್ತೆ ಅದನ್ನ ಬಳಸೋಕೆ ಬರೋ ಜೊತೆಗಾರರು ಇಲ್ಲದೇ ಹೋಗಬಾರದು, ಹೂತುಹೋದವರು ಬದುಕೋ ಚಾನ್ಸು ಮೊದಲ ಕಾಲು ಗಂಟೆ ಚೆನ್ನಾಗಿರುತ್ತೆ, ಆಮೇಲೆ ಸರ್ರನೆ ಇಳಿಯುತ್ತೆ.

ದಿನಾ ಹತ್ತಾರು ಸಲ ಹವಾಮಾನ ನೋಡ್ತೀನಿ, ತಪ್ಪಾ?

ನಾನೂ ನೋಡ್ತಿದ್ದೆ, ರಾತ್ರಿ ಎರಡು ಗಂಟೆಗೂ. ನೋಡಿದಾಗ ಒಂದು ನಿಮಿಷ ಸಮಾಧಾನ, ಆಮೇಲೆ ಮತ್ತೆ ಕೈ ಫೋನಿಗೆ. ಈಗ ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ, ಅಷ್ಟೆ. ನೋಡೋವಾಗ್ಲೂ ಸೆಂಟಿಮೀಟರ್ ಬಿಟ್ಟು ಗಾಳಿ ಎಷ್ಟು, ತಾಪಮಾನ ಸೊನ್ನೆ ದಾಟಿ ಮೇಲೆ ಕೆಳಗೆ ಆಡುತ್ತಾ ಅಂತ ನೋಡಿ. ಮತ್ತೆ ನ್ಯೂಸಲ್ಲಿ ಬರೋ ಎಲ್ಲಾ ಸ್ನೋನೂ ಬ್ಲಿಝಾರ್ಡ್ ಅಲ್ಲ, ಅಮೆರಿಕದ ಹವಾಮಾನ ಇಲಾಖೆ ಲೆಕ್ಕದಲ್ಲಿ ಗಂಟೆಗೆ ಸುಮಾರು 56 ಕಿಲೋಮೀಟರ್ ಅಥವಾ ಹೆಚ್ಚು ಗಾಳಿ, 400 ಮೀಟರ್ ಆಚೆ ಕಾಣದ ಹಾಗೆ ಸ್ನೋ, ಇದು 3 ಗಂಟೆಯಾದ್ರೂ ಇದ್ರೆ ಮಾತ್ರ ಬ್ಲಿಝಾರ್ಡ್.

ಭಯ ಅಂತಲ್ಲ, ಚಳಿಗಾಲ ಪೂರ್ತಿ ಮನಸ್ಸು ಮಂಕು, ನಿದ್ದೆ ಜಾಸ್ತಿ. ಸ್ನೋದಿಂದಾನಾ?

ಬೈಗುಳ ಸ್ನೋಗೆ ಬಿದ್ರೂ ತಪ್ಪು ಬಹುಶಃ ಕತ್ತಲೇದು. ಹಗಲು ಚಿಕ್ಕದಾದಾಗ ಕೆಲವರಿಗೆ ಪ್ರತೀ ವರ್ಷ ಅದೇ ತಿಂಗಳುಗಳಲ್ಲಿ ಡಿಪ್ರೆಶನ್ ಬರುತ್ತೆ, 1984ರಲ್ಲಿ ನಾರ್ಮನ್ ರೋಸೆಂಥಾಲ್ ಅನ್ನೋ ಸೈಕಿಯಾಟ್ರಿಸ್ಟ್ ಮತ್ತವರ ಜೊತೆಗಾರರು ಇದನ್ನ ವಿವರಿಸಿ ಸೀಸನಲ್ ಅಫೆಕ್ಟಿವ್ ಡಿಸಾರ್ಡರ್ ಅಂತ ಹೆಸರಿಟ್ರು. ಬೆಳಗ್ಗೆ 10,000 ಲಕ್ಸ್ (ಲಕ್ಸ್ ಅಂದ್ರೆ ಬೆಳಕಿನ ಅಳತೆ) ಲ್ಯಾಂಪ್ ಮುಂದೆ 20ರಿಂದ 30 ನಿಮಿಷ ಕೂರೋದು ಬಹಳ ಜನಕ್ಕೆ ಕೆಲಸ ಮಾಡುತ್ತೆ, ಡಾಕ್ಟರ್ ಕೇಳಿ ಶುರು ಮಾಡಿ, ಕಣ್ಣಿನ ತೊಂದರೆ ಅಥವಾ ಬೈಪೋಲಾರ್ ಇರೋರು ಕೇಳದೇ ಮಾಡಲೇಬಾರದು. ತಮಾಷೆ ಅಂದ್ರೆ ಹೊಸ ಸ್ನೋ ತನ್ನ ಮೇಲೆ ಬಿದ್ದ ಬೆಳಕಲ್ಲಿ 80ರಿಂದ 90 ಪರ್ಸೆಂಟ್ ವಾಪಸ್ ಎಸೆಯುತ್ತೆ, ಅಂದ್ರೆ ಕತ್ತಲೆ ವಿಷಯದಲ್ಲಿ ಅದು ನಮ್ಮ ಪಾರ್ಟಿ. ಆದ್ರೆ ಬಿಸಿಲಿದ್ದಾಗ ಕೂಲಿಂಗ್ ಗ್ಲಾಸ್ ಹಾಕಿ, ಇಲ್ಲಾಂದ್ರೆ ಸಂಜೆಗೆ ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿ.

ಫೋಬಿಯಾ ಅಂತಾನೇ ಆದ್ರೆ ವಾಸಿಯಾಗುತ್ತಾ?

ಆಗುತ್ತೆ, ಅದೂ ಮಾನಸಿಕ ತೊಂದರೆಗಳಲ್ಲೇ ಚೆನ್ನಾಗಿ ವಾಸಿಯಾಗೋದ್ರಲ್ಲಿ ಇದೂ ಒಂದು. ಎಕ್ಸ್‌ಪೋಶರ್ ಥೆರಪಿ ಅಂತಾರೆ, ಭಯದ ಮೆಟ್ಟಿಲುಗಳನ್ನ ಪಟ್ಟಿ ಮಾಡಿ ಕೆಳಗಿಂದ ಹತ್ತೋದು. ಮೊದ್ಲು ಸ್ನೋ ಫೋಟೋ ನೋಡೋದು, ಆಮೇಲೆ ವಿಡಿಯೋ, ಆಮೇಲೆ ಬೀಳ್ತಿರೋವಾಗ ಕಿಟಕಿ ಹತ್ರ ನಿಲ್ಲೋದು, ಬಾಗಿಲು ತೆಗೆದು ಕೈ ಚಾಚೋದು, ಹತ್ತು ಹೆಜ್ಜೆ ಹೋಗಿ ಬರೋದು. ಒಂದೊಂದು ಮೆಟ್ಟಿಲಲ್ಲೂ ಭಯ ತಾನಾಗೇ ಇಳಿಯೋ ತನಕ ನಿಲ್ಬೇಕು, ಏರಿದ ತಕ್ಷಣ ಓಡಿಬಂದ್ರೆ ಮನಸ್ಸು ನೋಡಿದ್ಯಾ ಓಡಿದ್ದಕ್ಕೇ ಉಳ್ಕೊಂಡೆ ಅಂತ ಪಾಠ ಕಲಿಯುತ್ತೆ. ಸ್ವೀಡನ್ನಿನ ಲಾರ್ಸ್-ಯೋರಾನ್ ಒಸ್ಟ್ ಅನ್ನೋ ಮನಶ್ಶಾಸ್ತ್ರಜ್ಞರು ಇದನ್ನೇ ಹೆಚ್ಚಂದ್ರೆ 3 ಗಂಟೆಯ ಒಂದೇ ಸಿಟಿಂಗಲ್ಲಿ ಮಾಡೋ ವಿಧಾನ ರೂಪಿಸಿದ್ರು. ಸಣ್ಣ ಭಯ ಆದ್ರೆ ನೀವೇ ಪ್ರಯತ್ನಿಸಬಹುದು, ಉಸಿರುಕಟ್ಟೋ ಮಟ್ಟದ್ದಾದ್ರೆ ಥೆರಪಿಸ್ಟ್ ಜೊತೆ. ಸ್ನೇಹಿತರು ಭಯ ಬಿಡಿಸ್ತೀವಿ ಅಂತ ಹಿಂದಿಂದ ಸ್ನೋಗೆ ತಳ್ಳೋದು ಥೆರಪಿ ಅಲ್ಲ, ಅದಕ್ಕೆ ಬೇರೆ ಹೆಸರಿದೆ.

ಮಕ್ಕಳು ಆಡೋಕೆ ಕರೀತಾರೆ, ನನಗೆ ಭಯ. ಅವರಿಗೂ ಅಂಟಿಸ್ತೀನಾ?

ಅಂಟಬಹುದು, ಮಕ್ಕಳು ನಮ್ಮ ಮಾತಿಗಿಂತ ಮುಖ ನೋಡಿ ಕಲೀತಾರೆ. ಹಾಗಂತ ನಾಟಕ ಆಡೋದೂ ಬೇಡ. ನನಗೆ ಜಾರೋ ಭಯ ಇದೆ, ಅದಕ್ಕೇ ಈ ಬೂಟು ಹಾಕಿದೀನಿ, ಅಂತ ಹೇಳಿ ಹತ್ತು ನಿಮಿಷ ಹೋಗಿ ನಿಂತ್ರೂ ಸಾಕು.

ಅಭ್ಯಾಸ ಆಗುತ್ತೆ ಅಂತಾರೆ, ಆಗುತ್ತಾ?

ಚಳಿ ಅಭ್ಯಾಸ ಆಯ್ತು, ಬಟ್ಟೆ ಮೇಲೆ ಬಟ್ಟೆ ಹಾಕೋದು ಅಭ್ಯಾಸ ಆಯ್ತು, ಪೆಂಗ್ವಿನ್ ನಡಿಗೆ ಎಷ್ಟು ಅಭ್ಯಾಸ ಆಯ್ತು ಅಂದ್ರೆ ಬೇಸಿಗೇಲೂ ಒದ್ದೆ ನೆಲ ಕಂಡ್ರೆ ಹಾಗೇ ನಡೀತೀನಿ. ಇಷ್ಟ ಮಾತ್ರ ಆಗ್ಲಿಲ್ಲ.

ಹಾಗಾದ್ರೆ ಸ್ನೋದಲ್ಲಿ ಒಂದೂ ಚೆಂದ ಇಲ್ವಾ ನಿಮಗೆ?

ಇದೆ, ಒಪ್ಕೊಳ್ತೀನಿ. ತೋಳಿನ ಮೇಲೆ ಬಿದ್ದ ಒಂದು ಹರಳನ್ನ ಹತ್ರದಿಂದ ನೋಡಿದ್ರೆ ಆರು ಮೂಲೆ, ಒಂದೊಂದು ಮೂಲೇಲೂ ರಂಗೋಲಿ ಬಿಟ್ಟ ಹಾಗಿರುತ್ತೆ. ಅಮೆರಿಕದ ವರ್ಮಾಂಟಲ್ಲಿ ವಿಲ್ಸನ್ ಬೆಂಟ್ಲಿ ಅಂತ ಒಬ್ಬ ರೈತ 1885ರಲ್ಲಿ ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸಿ ಒಂಟಿ ಹರಳಿನ ಫೋಟೋ ತೆಗೆದ್ರು, ಆಮೇಲೆ ಜೀವನಪೂರ್ತಿ ಅದೇ ಕೆಲಸ, 5000ಕ್ಕೂ ಹೆಚ್ಚು ಹರಳು. ಸ್ನೋ ಪ್ರಿಯರು ನನ್ನ ಜೊತೆ ವಾದಕ್ಕೆ ಬಂದಾಗೆಲ್ಲ ಈ ಬೆಂಟ್ಲಿ ಕಥೆ ಹೇಳ್ತಾರೆ. ನಾನು ಪೂರ್ತಿ ಕೇಳಿಸ್ಕೊಂಡು, ಅವರು 1931ರ ಡಿಸೆಂಬರಲ್ಲಿ ಬ್ಲಿಝಾರ್ಡಲ್ಲಿ ನಡ್ಕೊಂಡು ಮನೆಗೆ ಬಂದು ನ್ಯುಮೋನಿಯಾ ಆಗಿ ತೀರ್ಕೊಂಡ್ರು ಅನ್ನೋದನ್ನ ಸೇರಿಸ್ತೀನಿ. ಯಾಕೋ ಅಲ್ಲಿಗೆ ಮಾತು ನಿಂತೋಗುತ್ತೆ.